ಪಾರ್ಲೆಯ ಒಂದು ಗೋಡೆ, ಎರಡು ಬಣ್ಣ

ಈ ವಾರದ ವಿಡಿಯೋದಲ್ಲಿ ಆಡಿದ ಮಾತನ್ನ ಸ್ವಲ್ಪ ತಿದ್ದಿ, ಅಲ್ಲಿ ಹೇಳೋಕೆ ಮರೆತದ್ದನ್ನೂ ಸೇರಿಸಿ ಇಲ್ಲಿ ಹಾಕ್ತಾ ಇದ್ದೀನಿ. ಕೇಳೋದಕ್ಕಿಂತ ಓದೋದೇ ಇಷ್ಟ ಅನ್ನೋರಿಗೆ ಇದು.

ವಿಷಯ ಬಹಳ ಸಣ್ಣದು. ವಿಲೆ ಪಾರ್ಲೆ ಪೂರ್ವದಲ್ಲಿರೋ ನಮ್ಮ ಮನೆಯಲ್ಲಿ ಆಯಿಯ ಕೋಣೆಗೆ ಬಣ್ಣ ಹೊಡೆಸಬೇಕಿತ್ತು. ಶೇಡ್ ಕಾರ್ಡ್ ತಿರುವಿ ತಿರುವಿ ಕೊನೆಗೆ ಎರಡು ಬಣ್ಣ ಉಳಿದವು. ಒಂದು ತಿಳಿ ಹಸಿರು, ಮುಂಬಯಿಯಲ್ಲಿ ಎಲ್ಲರೂ ಪಿಸ್ತಾ ಅಂತಾರಲ್ಲ, ಅದು. ಇನ್ನೊಂದು ಹಾಲುಕೆನೆಯಂಥ ಬಿಳಿ. ಆಯಿಗೆ ಪಿಸ್ತಾ ಬೇಕು, ನನ್ನ ಹೆಂಡತಿಗೆ ಕೆನೆ ಬಣ್ಣ. ನಾನು ನಡುವೆ. ಎರಡರ ಚಿಕ್ಕ ಡಬ್ಬಿ ತಂದು ಗೋಡೆ ಮೇಲೆ ಪಕ್ಕಪಕ್ಕದಲ್ಲಿ ಒಂದೊಂದು ಪಟ್ಟಿ ಬಳಿದು, ಹದಿನೈದು ದಿನ ನೋಡಿದ್ವಿ. ತೀರ್ಮಾನ ಆಗಲಿಲ್ಲ.

ಅಷ್ಟರಲ್ಲಿ ಪೇಂಟರ್ ಚಾಚಾ ಬಂದು ಕಿಟಕಿ ಪಕ್ಕದ ಉಬ್ಬಿದ ಜಾಗವನ್ನ ಪಟ್ಟಿಯಿಂದ ಕೆರೆದರು. ಅಂಗೈ ಅಗಲ ಕೆರೆದದ್ದೇ ತಡ, ಹಳೆಯ ಬಣ್ಣಗಳೆಲ್ಲ ಒಂದರ ಕೆಳಗೊಂದು ಕಾಣಿಸಿದವು. ಮೇಲೆ ಮಾಸಿದ ಕೆನೆ ಬಣ್ಣದ ಪ್ಲಾಸ್ಟಿಕ್ ಪೇಂಟ್. ಅದರ ಕೆಳಗೆ ಹಸಿರು ಡಿಸ್ಟೆಂಪರ್. ಎಲ್ಲಕ್ಕಿಂತ ಕೆಳಗೆ ಸ್ವಲ್ಪ ನೀಲಿ ಬೆರೆತ ಸುಣ್ಣ. ಗೋಡೆಯ ಕೆಳಭಾಗದ ಮೂರಡಿ ಪಟ್ಟಿಯಲ್ಲಿ ಮಾತ್ರ ಗಟ್ಟಿ ಹಳದಿ ಆಯಿಲ್ ಪೇಂಟ್. ನಮ್ಮ ಕೆಲಸದಲ್ಲಿ ಕೋಡ್ ಯಾರು, ಯಾವಾಗ ಬದಲಾಯಿಸಿದ್ರು ಅಂತ ನೋಡೋಕೆ ಲಾಗ್ ತೆಗೀತೀವಿ. ಇಲ್ಲಿ ಗೋಡೆಯೇ ಲಾಗ್ ಇಟ್ಟುಕೊಂಡಿತ್ತು.

ಇವತ್ತು ಆ ಪದರಗಳನ್ನ ಕೆಳಗಿಂದ ಮೇಲಕ್ಕೆ ಓದೋಣ. ಯಾಕಂದ್ರೆ, ಎರಡು ಬಣ್ಣದಲ್ಲಿ ಯಾವುದು ಅಂತ ಕೂತು ಜಗಳ ಆಡೋ ಭಾಗ್ಯ ಇದೆಯಲ್ಲ, ಅದು ತೀರಾ ಇತ್ತೀಚಿನದು. ಮುಂಚೆ ಗೋಡೆಯ ಬಣ್ಣವನ್ನ ಮಣ್ಣು ನಿರ್ಧರಿಸ್ತಿತ್ತು, ಸರ್ಕಾರ ನಿರ್ಧರಿಸ್ತಿತ್ತು, ಅಂಗಡಿಯಲ್ಲಿ ಏನು ಸಿಗುತ್ತೋ ಅದು ನಿರ್ಧರಿಸ್ತಿತ್ತು. ಮನೆಯವರು ನಿರ್ಧರಿಸ್ತಿದ್ದದ್ದು ಕಡಿಮೆ.

ಮೊದಲ ಪದರ: ಸುಣ್ಣ

ಕೆಳಗಿನ ಸುಣ್ಣ ನೋಡಿ ಆಯಿಗೆ ತವರುಮನೆ ನೆನಪಾಯ್ತು. ಅವರದು ಹೊನ್ನಾವರದ ಕಡೆ. ಹಬ್ಬಕ್ಕೆ ಮುಂಚೆ ಸುಣ್ಣದ ಕಲ್ಲಿಗೆ ನೀರು ಹಾಕಿದ್ರೆ ಕೊತಕೊತ ಕುದಿಯೋದು, ಮಕ್ಕಳನ್ನ ಹತ್ತಿರ ಬಿಡ್ತಿರಲಿಲ್ಲ ಅಂತಾರೆ. ಆ ಕುದಿಯೋದರಲ್ಲೇ ಇಡೀ ರಸಾಯನಶಾಸ್ತ್ರ ಇದೆ. ಕಲ್ಲನ್ನೋ ಚಿಪ್ಪನ್ನೋ ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಹೋಗುತ್ತೆ. ನೀರು ಹಾಕಿ ಗೋಡೆಗೆ ಬಳಿದ ಮೇಲೆ ಅದು ಗಾಳಿಯಿಂದ ಅದೇ ಅನಿಲವನ್ನ ನಿಧಾನವಾಗಿ ವಾಪಸ್ ಎಳೆದುಕೊಂಡು ಮತ್ತೆ ಸುಣ್ಣಕಲ್ಲಾಗುತ್ತೆ. ಅಂದ್ರೆ ಸುಣ್ಣ ಬಳಿದ ಗೋಡೆ ಮೇಲೆ ಒಂದು ತೆಳ್ಳನೆಯ ಕಲ್ಲಿನ ಪದರ ಇರುತ್ತೆ. ಅದು ತೇವವನ್ನ ಒಳಗೆ ಕಟ್ಟಿಹಾಕೋದಿಲ್ಲ, ಹೊರಗೆ ಬಿಡುತ್ತೆ.

ಆದ್ರೆ ಸುಣ್ಣ ಖಾರ. ಎಲ್ಲ ಬಣ್ಣವೂ ಅದರಲ್ಲಿ ಬದುಕೋದಿಲ್ಲ. ಮಣ್ಣಿನ ಬಣ್ಣಗಳು ಉಳಿಯುತ್ತವೆ: ಕೆಮ್ಮಣ್ಣು, ಹಳದಿ ಮಣ್ಣು. ಬಟ್ಟೆಗೆ ಹಾಕೋ ನೀಲಿ, ಅಂದ್ರೆ ಅಲ್ಟ್ರಾಮರೀನ್, ಉಳಿಯುತ್ತೆ. ಸುಣ್ಣದ ಹಳದಿ ಛಾಯೆಯನ್ನ ಆ ನೀಲಿ ಸರಿದೂಗಿಸಿ ಗೋಡೆ ಇನ್ನೂ ಬೆಳ್ಳಗಿದೆ ಅನ್ನಿಸುತ್ತೆ, ಬಿಳಿ ಅಂಗಿಗೆ ನೀಲಿ ಹಾಕಿದ ಹಾಗೇ. ಪ್ರಶ್ಯನ್ ಬ್ಲೂ ಅನ್ನೋ ಇನ್ನೊಂದು ನೀಲಿ ಹಾಕಿದ್ರೆ ಸುಣ್ಣ ಅದನ್ನ ಕೆಡಿಸಿಬಿಡುತ್ತೆ. ಹೀಗೆ ಮನೆಯವರ ಮುಂದಿದ್ದ ಆಯ್ಕೆ ಮೂರೋ ನಾಲ್ಕೋ.

ಆ ಮೂರು ನಾಲ್ಕರಲ್ಲೇ ನಮ್ಮ ಕರಾವಳಿಯವರು ಏನು ಮಾಡಿದ್ರು ನೋಡಿ. ಉತ್ತರ ಕನ್ನಡ, ಗೋವಾ, ಸಿಂಧುದುರ್ಗದ ಹಳೆಯ ದೇವಸ್ಥಾನಗಳಲ್ಲಿ ಕಾವಿ ಕಲೆ ಅಂತ ಇದೆ. ಮೊದಲು ಬಿಳಿ ಸುಣ್ಣದ ಗಾರೆ. ಅದರ ಮೇಲೆ ಕಾವಿಮಣ್ಣು ಬೆರೆಸಿದ ಕೆಂಪು ಗಾರೆಯ ತೆಳು ಪದರ. ಅದು ಹಸಿಯಾಗಿರುವಾಗಲೇ ಚೂಪಾದ ಮೊಳೆ, ಕೈವಾರ ಹಿಡಿದು ಬಳ್ಳಿ, ಹೂವು, ದೇವರ ಆಕೃತಿ ಗೀರಿ, ಬೇಡದ ಕಡೆ ಕೆಂಪನ್ನ ಕೆರೆದು ತೆಗೀತಾರೆ. ಕೆರೆದಲ್ಲಿ ಬಿಳಿ, ಬಿಟ್ಟಲ್ಲಿ ಕೆಂಪು. ಹೊನ್ನಾವರದವರೇ ಆದ ಕೃಷ್ಣಾನಂದ ಕಾಮತರು ಈ ಕಲೆಯನ್ನ ಊರೂರು ತಿರುಗಿ ದಾಖಲಿಸದೇ ಹೋಗಿದ್ರೆ, ಎಷ್ಟೋ ಗೋಡೆಗಳ ಸುದ್ದಿ ನಮಗೆ ಗೊತ್ತೇ ಆಗ್ತಿರಲಿಲ್ಲ. ಜೀರ್ಣೋದ್ಧಾರದ ಹೆಸರಲ್ಲಿ ಅಂಥ ಗೋಡೆಗಳನ್ನ ಕೆಡವಿ ಟೈಲ್ಸ್ ಹಾಕಿದ್ದು ನಾವೆಲ್ಲ ಕಂಡದ್ದೇ.

ಮಲೆನಾಡಿನ ದೀವರ ಹಸೆ ಚಿತ್ತಾರದಲ್ಲೂ ಲೆಕ್ಕ ಇದೇ. ಗೋಡೆಗೆ ಕೆಮ್ಮಣ್ಣು, ಗೆರೆಗೆ ಅಕ್ಕಿಹಿಟ್ಟಿನ ಬಿಳಿ. ಮುಂಬಯಿಯ ಉತ್ತರಕ್ಕೆ ಪಾಲ್ಘರ್ ಕಡೆ ಹೋದ್ರೆ ವಾರ್ಲಿಗಳ ಗೋಡೆಯ ಮೇಲೂ ಅದೇ ಕೆಂಪು, ಅದೇ ಅಕ್ಕಿಯ ಬಿಳಿ. ಎರಡೇ ಬಣ್ಣ, ಎರಡೂ ಕೈಗೆಟುಕೋ ದೂರದಲ್ಲಿ ಸಿಗೋವು.

ಹುಕುಂ ಬಿಳಿ

ಊರಲ್ಲಿ ಸುಣ್ಣ ಅಂದ್ರೆ ಹಬ್ಬ. ಮುಂಬಯಿಯಲ್ಲಿ ಒಂದು ಕಾಲಕ್ಕೆ ಸುಣ್ಣ ಅಂದ್ರೆ ಭಯ. 1896ರ ಸೆಪ್ಟೆಂಬರ್‌ನಲ್ಲಿ ಮಾಂಡವಿಯಲ್ಲಿ ಡಾ. ಅಕಾಸಿಯೋ ವಿಯೇಗಸ್ ಪ್ಲೇಗ್ ಗುರುತಿಸಿದ್ರು. ಮುಂದಿನ ವರ್ಷ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಅಧಿಕಾರಿಗಳು, ಸಿಪಾಯಿಗಳು ಮನೆ ಹೊಕ್ಕು ಸಾಮಾನು ಹೊರಗೆ ಹಾಕಿಸಿ, ಗೋಡೆಗೆ ಸುಣ್ಣ ಹೊಡೆಸ್ತಿದ್ರು. ವಾಸಕ್ಕೆ ಯೋಗ್ಯವಲ್ಲ ಅಂತ ಕಂಡ ಮನೆಗೆ ಯು.ಎಚ್.ಎಚ್. ಅಂತ ಮೂರು ಅಕ್ಷರ ಬರೀತಿದ್ರು. ರೋಗ ಹರಡೋದು ಇಲಿಯ ಮೈಮೇಲಿನ ಚಿಗಟದಿಂದ ಅನ್ನೋದು ಆಗಿನ್ನೂ ಸಾಬೀತಾಗಿರಲಿಲ್ಲ. ಕೊಳಕು, ಕತ್ತಲೆ, ಕೆಟ್ಟ ಗಾಳಿ ಇವೇ ಕಾರಣ ಅಂತ ನಂಬಿದ್ರು. ಹಾಗಾಗಿ ಬಿಳಿ ಗೋಡೆಯೇ ಔಷಧಿ.

ಆಮೇಲೆ 1898ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು, ಊರು ಉತ್ತರಕ್ಕೆ ಬೆಳೆಯೋಕೆ ಶುರುವಾಯ್ತು. ದಾದರ್, ಮಾಟುಂಗಾ ಆದ ಮೇಲೆ ರೈಲಿನ ಹಳಿ ಹಿಡಿದು ಸಾಂತಾಕ್ರೂಜ್, ಪಾರ್ಲೆ, ಅಂಧೇರಿ. ಪಾರ್ಲೆ ಆಗ ತೋಟ, ಬಾವಿ, ಹಂಚಿನ ಮನೆಗಳ ಊರು. 1929ರಲ್ಲಿ ಇಲ್ಲಿ ಶುರುವಾದ ಬಿಸ್ಕತ್ತಿನ ಕಾರ್ಖಾನೆ ಈ ಊರಿನ ಹೆಸರನ್ನ ದೇಶದ ಪ್ರತಿ ಗೂಡಂಗಡಿಗೂ ತಲುಪಿಸ್ತು. 1950ರಲ್ಲಿ ಪಾರ್ಲೆ ಬೃಹನ್ಮುಂಬಯಿಗೆ ಸೇರಿತು. ಚಾಳು, ಆಮೇಲೆ ಸೊಸೈಟಿ ಕಟ್ಟಡಗಳು ಎದ್ದವು. ನಮ್ಮ ಕಟ್ಟಡ 1960ರ ದಶಕದ್ದು. ಕೆಳಗಿನ ಸುಣ್ಣ ಆಗಿನದು, ನಮಗಿಂತ ಮುಂಚೆ ಇದ್ದವರದು.

ಎರಡನೇ ಪದರ: ಹಸಿರು ಡಿಸ್ಟೆಂಪರ್

ಡಿಸ್ಟೆಂಪರ್ ಅಂದ್ರೆ ಸೀಮೆಸುಣ್ಣದ ಪುಡಿ, ಬಣ್ಣ, ಅಂಟು. ಸುಣ್ಣದ ಖಾರ ಇಲ್ಲದ ಕಾರಣ ಅದರಲ್ಲಿ ಹಸಿರು, ಗುಲಾಬಿ, ಆಕಾಶನೀಲಿ ಎಲ್ಲ ಬರುತ್ತೆ. ಮಧ್ಯಮ ವರ್ಗದ ಗೋಡೆಗೆ ಬಣ್ಣ ಅಂತ ಬಂದದ್ದು ಇದರಿಂದಲೇ.

ಇದರ ಹಿಂದೆ ಯುದ್ಧದ ಕಥೆ ಇದೆ. ದೇಶದಲ್ಲಿ ದೊಡ್ಡ ಪೇಂಟ್ ಕಾರ್ಖಾನೆ ಮೊದಲು ಬಂದದ್ದು 1902ರಲ್ಲಿ, ಹೌರಾದ ಶಾಲಿಮಾರ್. ಮೈಸೂರಲ್ಲಿ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಶುರು ಮಾಡಿಸಿದ್ರು. ಇವತ್ತು ಮತ ಹಾಕಿದಾಗ ನಮ್ಮ ಬೆರಳಿಗೆ ಹಚ್ಚೋ ಶಾಯಿ ಅಲ್ಲಿಂದಲೇ ಬರೋದು. ಎರಡನೇ ಮಹಾಯುದ್ಧದಲ್ಲಿ ವಿದೇಶಿ ಪೇಂಟಿನ ಆಮದು ನಿಂತಾಗ, 1942ರಲ್ಲಿ ಮುಂಬಯಿಯ ಗಿರಗಾಂವದ ಒಂದು ಗ್ಯಾರೇಜಿನಲ್ಲಿ ನಾಲ್ಕು ಜನ ಗೆಳೆಯರು ಪೇಂಟ್ ಮಾಡೋಕೆ ಕೂತರು: ಚಂಪಕಲಾಲ್ ಚೋಕ್ಸಿ, ಚಿಮನ್‌ಲಾಲ್ ಚೋಕ್ಸಿ, ಸೂರ್ಯಕಾಂತ್ ದಾನಿ, ಅರವಿಂದ್ ವಕೀಲ್. ಅದೇ ಏಷ್ಯನ್ ಪೇಂಟ್ಸ್. ದೊಡ್ಡ ಊರಿನ ದೊಡ್ಡ ಅಂಗಡಿಯವರು ಹತ್ತಿರ ಸೇರಿಸದೇ ಇದ್ದಾಗ ಅವರು ಸಣ್ಣ ಊರಿಗೆ ಹೋದ್ರು, ಸಣ್ಣ ಡಬ್ಬಿಯಲ್ಲಿ ಮಾರಿದ್ರು. 1967ರ ಹೊತ್ತಿಗೆ ದೇಶದಲ್ಲೇ ಮೊದಲ ಸ್ಥಾನಕ್ಕೆ ಬಂದ್ರು.

ಈಗ ನಮ್ಮವರ ಮಾತು. 1954ರಲ್ಲಿ ಆ ಕಂಪನಿಗೊಂದು ಗುರುತು ಬೇಕಾಯ್ತು. ಕೈಯಲ್ಲಿ ಬ್ರಷ್, ಪೇಂಟ್ ಡಬ್ಬಿ, ಕಣ್ಣಿನ ಮೇಲೆ ಬಿದ್ದ ಕೂದಲು, ಮುಖದಲ್ಲಿ ತುಂಟತನ. ಆ ಹುಡುಗನನ್ನ ಬರೆದವರು ಆರ್. ಕೆ. ಲಕ್ಷ್ಮಣ್. ಮೈಸೂರಲ್ಲಿ 1921ರಲ್ಲಿ ಹುಟ್ಟಿ, ರಾಶಿಯವರ ಕೊರವಂಜಿಗೆ ಚಿತ್ರ ಬರೆದು, ಮುಂಬಯಿಗೆ ಬಂದು ನೆಲೆಸಿದ ಅದೇ ಲಕ್ಷ್ಮಣ್. ಕೊರವಂಜಿ ಶುರುವಾದದ್ದೂ 1942ರಲ್ಲೇ, ಇದು ಬರೀ ಕಾಕತಾಳೀಯ, ಆದ್ರೂ ನನಗೆ ಖುಷಿ ಕೊಡುತ್ತೆ. ಹುಡುಗನಿಗೆ ಹೆಸರಿಡೋಕೆ ಸ್ಪರ್ಧೆ ಇಟ್ಟರು, 500 ರೂಪಾಯಿ ಬಹುಮಾನ. ಮುಂಬಯಿಯ ಇಬ್ಬರು ಒಂದೇ ಹೆಸರು ಕಳಿಸಿದ್ರು: ಗಟ್ಟು. 2002ರವರೆಗೂ ಅವನು ಡಬ್ಬಿ ಮೇಲಿದ್ದ. ನಮ್ಮ ಹಸಿರು ಡಿಸ್ಟೆಂಪರ್ ಬಂದ ಡಬ್ಬಿ ಮೇಲೂ ಗಟ್ಟು ಇದ್ದ. ಆ ಡಬ್ಬಿಯಲ್ಲಿ ಬಹಳ ವರ್ಷ ಅಕ್ಕಿ ಇಡ್ತಿದ್ವಿ ಅಂತ ಆಯಿ ಹೇಳ್ತಾರೆ. ಹೊಟ್ಟೆಗೆ ಹೋಗೋದನ್ನ ಪೇಂಟ್ ಡಬ್ಬಿಯಲ್ಲಿ ಇಡೋದಾ ಅಂತ ಈಗ ಕೇಳಿದ್ರೆ ನಗ್ತಾರೆ.

"ಆಗ ಪಿಸ್ತಾ ಯಾಕೆ ಆರಿಸಿದ್ರಿ?" ಅಂತ ಕೇಳಿದೆ.

"ಆರಿಸೋದೆಂಥದು ತಮಾ? ಅಂಗಡಿಯಲ್ಲಿ ಗುಲಾಬಿ ಇತ್ತು, ಇದು ಇತ್ತು. ನಿನ್ನ ಅಪ್ಪನಿಗೆ ಗುಲಾಬಿ ಬೇಡ ಅಂತಾಯ್ತು. ಮುಗೀತು."

ಆದ್ರೂ ಇದು ಆಯ್ಕೆಯೇ. ಮುಂಬಯಿಯ ಬಾಡಿಗೆದಾರನಿಗೆ ಬೇರೆ ಆಯ್ಕೆ ಎಲ್ಲಿತ್ತು? 1947ರ ಬಾಡಿಗೆ ಕಾಯ್ದೆ ಬಾಡಿಗೆಯನ್ನ ಹಳೆಯ ಮಟ್ಟದಲ್ಲೇ ನಿಲ್ಲಿಸಿತು. ಬಾಡಿಗೆ ಏರಲ್ಲ, ಹಾಗಾಗಿ ಮಾಲೀಕ ಕಟ್ಟಡದ ಕಡೆ ತಿರುಗಿ ನೋಡಲ್ಲ. ಹೊರಗೋಡೆಯಲ್ಲಿ ಅರಳಿಗಿಡ ಬೆಳೀತು. ಒಳಗೋಡೆ ಮಾತ್ರ ಮನೆಯವರ ಕೈಯಲ್ಲಿ. ಕಿಟಕಿಯಿಂದ ಏನು ಕಾಣಬೇಕು, ಕೋಣೆ ಎಷ್ಟು ಅಗಲ ಇರಬೇಕು, ಇವು ಯಾವುವೂ ನಮ್ಮ ಕೈಯಲ್ಲಿಲ್ಲ. ಗುಲಾಬಿಯೋ ಪಿಸ್ತಾನೋ ಅನ್ನೋದು ಮಾತ್ರ ನಮ್ಮದು. ಹಳೆಯ ಚಾಳಿನಲ್ಲಿ ಓಡಾಡಿದ್ರೆ ಹೊರಗೆ ಎಲ್ಲ ಒಂದೇ ಬೂದು, ಬಾಗಿಲು ತೆಗೆದಲ್ಲೆಲ್ಲ ಬೇರೆ ಬೇರೆ ಬಣ್ಣ. ಅದರ ಕಾರಣ ಇದೇ.

ಹಳದಿ ಪಟ್ಟಿಯ ವಿಷಯ

ಈ ಭಾಗವನ್ನ ವಿಡಿಯೋದಲ್ಲಿ ಬೇಗ ದಾಟಿಬಿಟ್ಟೆ. ಇಲ್ಲಿ ನಿಧಾನ ಹೇಳ್ತೀನಿ, ಯಾಕಂದ್ರೆ ಈ ಮಾತು ಅಂದಚಂದದ್ದಲ್ಲ, ಆರೋಗ್ಯದ್ದು.

ಮಕ್ಕಳ ಕೈ ತಾಗೋ ಎತ್ತರಕ್ಕೆ ಆಯಿಲ್ ಪೇಂಟ್ ಹೊಡೆಸೋದು ಆಗ ರೂಢಿ, ಒದ್ದೆ ಬಟ್ಟೆಯಲ್ಲಿ ಒರೆಸಬಹುದಲ್ಲ ಅಂತ. ಆದ್ರೆ ಹಳೆಯ ಆಯಿಲ್ ಪೇಂಟಿನಲ್ಲಿ ಸೀಸ ಇರ್ತಿತ್ತು. ಬಿಳಿಯಲ್ಲಿ ಸೀಸದ ಬಿಳಿ, ಹಳದಿಯಲ್ಲಿ ಸೀಸದ ಕ್ರೋಮೇಟ್. ಆ ಹಳದಿಗೆ ಪ್ರಶ್ಯನ್ ಬ್ಲೂ ಬೆರೆಸಿದ್ರೆ ಒಳ್ಳೆ ಹಸಿರು. ಬಣ್ಣ ಎಷ್ಟು ಗಾಢವೋ ಅಷ್ಟು ಅನುಮಾನ ಪಡಬೇಕು. ಸೀಸ ಮಕ್ಕಳ ಮೆದುಳಿಗೆ ಕೆಟ್ಟದ್ದು ಅನ್ನೋದು ಹೊಸ ಸುದ್ದಿ ಅಲ್ಲ. ಒಳಗೋಡೆಗೆ ಸೀಸದ ಬಿಳಿ ಬಳಸಬಾರದು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1921ರಲ್ಲೇ ಒಪ್ಪಂದ ಮಾಡಿತ್ತು. ಅಮೆರಿಕ ಮನೆಯ ಪೇಂಟಿನಲ್ಲಿ ಸೀಸ ನಿಷೇಧಿಸಿದ್ದು 1978ರಲ್ಲಿ. ನಮ್ಮಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ವರ್ಷಗಟ್ಟಲೆ ಇದರ ಬೆನ್ನು ಹತ್ತಿದ್ರು. 1999ರ ಹೊತ್ತಿಗೆ ಬೆಂಗಳೂರು, ಮುಂಬಯಿ ಸೇರಿ ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷೆ ಮಾಡಿದಾಗ, ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಸೀಸ ಆಗಿನ ಮಿತಿಯನ್ನ ದಾಟಿತ್ತು. ಆಗ ಪೆಟ್ರೋಲಿನ ಸೀಸವೂ ಅದಕ್ಕೆ ದೊಡ್ಡ ಕಾರಣ. ಪೆಟ್ರೋಲಿನಿಂದ ಸೀಸ 2000ದಲ್ಲಿ ಹೋಯ್ತು. ಮನೆಯ ಪೇಂಟಿನಲ್ಲಿ ಹತ್ತು ಲಕ್ಷಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದು ಅನ್ನೋ ನಿಯಮ 2016ರಲ್ಲಿ ಬಂದು, 2017ರ ನವೆಂಬರ್ 1ರಿಂದ ಜಾರಿಯಾಯ್ತು.

ಡಬ್ಬಿಗೆ ನಿಯಮ ಬಂತು, ಸರಿ. ಗೋಡೆಯ ಮೇಲೆ ಆಗಲೇ ಕೂತಿರೋದಕ್ಕೆ ಏನು ಮಾಡೋದು? ಅಲ್ಲೇ ಇದ್ದರೆ ಅಷ್ಟು ತೊಂದರೆ ಇಲ್ಲ. ಒಣಗಿದ ಪಾಲಿಶ್ ಪೇಪರ್ ಹಾಕಿ ಉಜ್ಜಿದ್ರೆ ಧೂಳಾಗಿ ಹಾರುತ್ತೆ, ನೆಲಕ್ಕೆ ಬೀಳುತ್ತೆ, ಮಗುವಿನ ಕೈಯಿಂದ ಬಾಯಿಗೆ ಹೋಗುತ್ತೆ. ನಮ್ಮ ಮನೆಯಲ್ಲಿ ಎರಡು ವರ್ಷದ ಮಗಳಿದ್ದಾಳೆ. ಚಾಚಾ ಪಾಲಿಶ್ ಪೇಪರ್ ಕೈಗೆ ತಗೊಂಡಾಗ ನಾನು ತಡೆದೆ. ಮಗಳನ್ನ ಮೂರು ದಿನ ಅಜ್ಜಿಮನೆಗೆ ಕಳಿಸಿದ್ವಿ. ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಗೋಡೆಗೆ ನೀರು ಹೊಡೆದು ಒದ್ದೆಯಾಗಿಯೇ ಉಜ್ಜಿ, ಕೆಸರನ್ನ ಬಟ್ಟೆಯಲ್ಲಿ ಒರೆಸಿ ಕಟ್ಟಿ ಬಿಸಾಕಿದ್ವಿ. ಗಟ್ಟಿ ಕೂತಿದ್ದ ಕಡೆ ಕೆರೆಯದೇ ಅದರ ಮೇಲೇ ಪ್ರೈಮರ್. ಚಾಚಾಗೂ ಮಾಸ್ಕ್ ಕೊಟ್ಟೆ. ಮೂವತ್ತು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ, ಇದನ್ನ ಯಾರೂ ಹೇಳಲಿಲ್ಲ ಅಂದ್ರು. ಅವರ ಎದೆಯೊಳಗೆ ಎಷ್ಟು ಮನೆಗಳ ಧೂಳಿದೆಯೋ. ಎರಡು ಬಣ್ಣದ ನಡುವೆ ಹದಿನೈದು ದಿನ ಒದ್ದಾಡಿದ ನಾನು, ಆ ಬಣ್ಣ ಹೊಡೆಯೋರ ಬಗ್ಗೆ ಹದಿನೈದು ನಿಮಿಷವೂ ಯೋಚನೆ ಮಾಡಿರಲಿಲ್ಲ.

ಮೂರನೇ ಪದರ: ಯಂತ್ರದ ಬಣ್ಣ

ಮೇಲಿನ ಕೆನೆ ಬಣ್ಣದ ಪ್ಲಾಸ್ಟಿಕ್ ಪೇಂಟ್ 1990ರ ದಶಕದ್ದು. ಪ್ಲಾಸ್ಟಿಕ್ ಪೇಂಟ್ ಅಂದ್ರೆ ನೀರಲ್ಲಿ ತೇಲೋ ಸಣ್ಣ ಸಣ್ಣ ಪಾಲಿಮರ್ ಕಣಗಳು. ನೀರು ಆರಿದ ಮೇಲೆ ಅವು ಒಂದಕ್ಕೊಂದು ಅಂಟಿಕೊಂಡು ಹಾಳೆಯ ಹಾಗೆ ಆಗ್ತವೆ. ಕೆಳಗೆ ಪುಡಿಪುಡಿ ಸುಣ್ಣ ಬಿಟ್ಟು ಮೇಲೆ ಈ ಹಾಳೆ ಹೊದಿಸಿದ್ರೆ, ಮುಂಬಯಿ ಮಳೆಗಾಲದ ತೇವ ಒಳಗಿಂದ ತಳ್ಳಿ ಉಬ್ಬುತ್ತೆ. ನಮ್ಮ ಗೋಡೆ ಉಬ್ಬಿದ್ದು ಇದಕ್ಕೇ.

ಇದಕ್ಕೆ ಬಿಳುಪು ಕೊಡೋದು ಟೈಟಾನಿಯಂ ಡೈಆಕ್ಸೈಡ್. ಸೀಸದ ಬಿಳಿಯನ್ನ ಮೂಲೆಗೆ ತಳ್ಳಿದ್ದು ಇದೇ. ಇದರ ಅದಿರು ಇಲ್ಮೆನೈಟ್ ಕೇರಳದ ಚವರ ಕಡಲತೀರದ ಕರಿಮರಳಲ್ಲಿದೆ. ತಿರುವನಂತಪುರದಲ್ಲಿ 1946ರಲ್ಲೇ ಟ್ರಾವಂಕೂರ್ ಟೈಟಾನಿಯಂ ಸ್ಥಾಪನೆಯಾಗಿತ್ತು. ಕಪ್ಪು ಮರಳಿಂದ ಬಿಳಿ ಗೋಡೆ!

ಆಮೇಲೆ ಅಂಗಡಿಗೆ ಬಣ್ಣ ಬೆರೆಸೋ ಯಂತ್ರ ಬಂತು. ಬಿಳಿ ಬೇಸ್ ಡಬ್ಬಿಗೆ ಯಂತ್ರವೇ ಅಳತೆ ಮಾಡಿ ಹನಿಹನಿ ಬಣ್ಣ ಬಿಟ್ಟು ಅಲುಗಾಡಿಸಿ ಕೊಡುತ್ತೆ. ಗುಲಾಬಿ, ಪಿಸ್ತಾ ಅಂತ ಡಬ್ಬಿ ದಾಸ್ತಾನು ಮಾಡೋ ಗೋಜಿಲ್ಲ, ಬಣ್ಣ ಅಂದ್ರೆ ಒಂದು ಸೂತ್ರ ಅಷ್ಟೇ. ಬಣ್ಣವನ್ನ ಅಂಕಿಯಲ್ಲಿ ಬರೆಯೋ ಪದ್ಧತಿಗೆ 1931ರಲ್ಲೇ ಅಂತರರಾಷ್ಟ್ರೀಯ ಒಪ್ಪಿಗೆ ಸಿಕ್ಕಿತ್ತು, ಅದು ಪಾರ್ಲೆಯ ಅಂಗಡಿಗೆ ತಲುಪೋಕೆ ಅರವತ್ತು ಎಪ್ಪತ್ತು ವರ್ಷ ಬೇಕಾಯ್ತು. ಎರಡೇ ಬಣ್ಣ ಇದ್ದ ಕಡೆ ಸಾವಿರಕ್ಕೂ ಹೆಚ್ಚು ಶೇಡ್. ಅಪ್ಪ ಎರಡು ನಿಮಿಷದಲ್ಲಿ ಮುಗಿಸಿದ್ದನ್ನ ಮುಗಿಸೋಕೆ ನನಗೆ ಹದಿನೈದು ದಿನ ಸಾಲಲಿಲ್ಲ.

ಯಾವ ಬಣ್ಣ?

ಸೊಸೈಟಿಯ ಮೀಟಿಂಗಿನಲ್ಲಿ ಒಬ್ಬರು ಕೇಳಿದ್ರು, "ಕಟ್ಟಡ ಹೇಗೂ ರೀಡೆವಲಪ್‌ಮೆಂಟ್‌ಗೆ ಹೋಗುತ್ತಲ್ಲ, ಪೇಂಟ್ ಯಾಕೆ?" ಈ ಮಾತನ್ನ ನಾನು ಕಾಲೇಜಿಗೆ ಹೋಗ್ತಿದ್ದಾಗಿಂದ ಕೇಳ್ತಾ ಇದ್ದೀನಿ. ವಿಮಾನ ನಿಲ್ದಾಣ ಪಕ್ಕದಲ್ಲೇ. ವಿಮಾನ ಇಳಿಯೋ ದಾರಿಯ ಕೆಳಗಿರೋ ಕಟ್ಟಡಗಳಿಗೆ ಎತ್ತರದ ಮಿತಿ. ಎತ್ತರ ಸಿಗದಿದ್ರೆ ಬಿಲ್ಡರ್‌ಗೆ ಲಾಭ ಇಲ್ಲ. ಹಾಗಾಗಿ ಪಾರ್ಲೆಯಲ್ಲಿ ಎಷ್ಟೋ ಮನೆಗಳು ಬರಲಿರೋ ಹೊಸ ಕಟ್ಟಡದ ಹೆಸರಲ್ಲಿ ಇಪ್ಪತ್ತು ವರ್ಷದಿಂದ ಬಣ್ಣ ಕಾಣದೇ ಕೂತಿವೆ. ಆಯಿಗೆ ಈಗ ಎಪ್ಪತ್ತನಾಲ್ಕು. ಹೊಸ ಕಟ್ಟಡಕ್ಕೆ ಕಾಯಬಹುದು, ಆದ್ರೆ ಅವರು ದಿನಾ ನೋಡೋದು ಈ ಗೋಡೆಯನ್ನೇ.

ಕೊನೆಗೆ ತೀರ್ಮಾನ ಮಾಡಿದ್ದು ಒಂದು ಸಣ್ಣ ಸಂಗತಿ. ಆಯಿಯ ಒಂದು ಕಣ್ಣಿಗೆ ಪೊರೆ ತೆಗೆಸಿದ್ದೀವಿ, ಇನ್ನೊಂದಕ್ಕೆ ಇನ್ನೂ ಆಗಿಲ್ಲ. ಪೊರೆ ಇರೋ ಕಣ್ಣಿನ ಮಸೂರ ಹಳದಿಯಾಗಿರುತ್ತೆ, ಅದು ನೀಲಿ ಬೆಳಕನ್ನ ತಡೆಯುತ್ತೆ. ಚಿತ್ರಕಾರ ಕ್ಲೋದ್ ಮೊನೆ 1923ರಲ್ಲಿ ಆಪರೇಷನ್ ಮಾಡಿಸಿಕೊಂಡ ಮೇಲೆ ಬಣ್ಣಗಳು ಬೇರೆಯಾಗಿ ಕಂಡು ಗೊಂದಲಪಟ್ಟಿದ್ರಂತೆ. ಆಯಿ ಎರಡು ಪಟ್ಟಿಯ ಮುಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡಿದ್ರು, ಆಮೇಲೆ ಇನ್ನೊಂದು. "ಈ ಕಣ್ಣಿಗೆ ಎರಡೂ ಒಂದೇ ಕಾಣ್ತದೆ. ಆದ್ರೆ ಹಸಿರಿನ ಮೇಲೆ ಸ್ವಿಚ್ಚು ಕಾಣ್ತದೆ, ಬಿಳಿ ಮೇಲೆ ಕಾಣೋದಿಲ್ಲ."

ನಾವಿಬ್ಬರೂ ಸುಮ್ಮನಾದ್ವಿ. ಬಿಳಿ ಸ್ವಿಚ್ ಬೋರ್ಡ್, ಬಿಳಿ ಬಾಗಿಲು, ಅದರ ಮೇಲೆ ಕೆನೆ ಬಿಳಿ ಗೋಡೆ. ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಗೋಡೆ ತಡವಿಕೊಂಡು ಹೋಗೋರಿಗೆ ಅದು ಮಂಜಿನಲ್ಲಿ ನಡೆದ ಹಾಗೆ. ಇಷ್ಟು ದಿನ ಅವರು ಹಳೆಯ ನೆನಪಿಗೆ ಪಿಸ್ತಾ ಕೇಳ್ತಿದ್ದಾರೆ ಅಂತ ನಾನಂದುಕೊಂಡಿದ್ದೆ. ಅವರು ಕೇಳ್ತಿದ್ದದ್ದು ಸ್ವಿಚ್ ಎಲ್ಲಿದೆ ಅಂತ.

"ಅತ್ತೆ, ಇದನ್ನ ಮೊದಲೇ ಹೇಳಬಾರದಿತ್ತಾ?" ಅಂದಳು ಹೆಂಡತಿ. "ನೀವು ಯಾರೂ ಕೇಳಲಿಲ್ಲವಲ್ಲೇ" ಅಂದ್ರು.

ಆಯಿಯ ಕೋಣೆಗೆ ಪಿಸ್ತಾ ಹೊಡೆದಾಯ್ತು, ಹಾಲ್‌ಗೆ ಕೆನೆ ಬಣ್ಣ. ಕಿಟಕಿ ಪಕ್ಕ ಅಂಗೈ ಅಗಲದ ಆ ಕೆರೆದ ಜಾಗವನ್ನ ಮಾತ್ರ ಮುಚ್ಚಬೇಡಿ ಅಂತ ಚಾಚಾಗೆ ಹೇಳಿ ಉಳಿಸಿಕೊಂಡಿದ್ದೀನಿ, ಆ ಜಾಗದಲ್ಲಿ ಆಯಿಲ್ ಪೇಂಟ್ ಇಲ್ಲ. ಹೊಸ ಕಟ್ಟಡ ಬಂದಾಗ ಗೋಡೆಯ ಜೊತೆ ಅದೂ ಹೋಗುತ್ತೆ.

ನಿಮ್ಮ ಮನೆಯಲ್ಲೂ ಹಳೆಯ ಗೋಡೆ ಕೆರೆಸೋದಿದ್ರೆ ಎರಡು ಮಾತು. ಒದ್ದೆ ಮಾಡಿ ಕೆರೆಸಿ. ಮತ್ತೆ ಬಣ್ಣ ಆರಿಸೋ ಮುಂಚೆ, ಆ ಕೋಣೆಯಲ್ಲಿ ಮಲಗೋರನ್ನ ಒಂದು ಸಲ ಕೇಳಿ. ಮುಂದಿನ ವಾರ ಸಿಗೋಣ.